ನೀರು ಬಿಡದೆ ಕೊಯ್ದ ಕಲ್ಲು

ಜೂನ್ ೩

ನಮ್ಮ ಮನೆಯ ವಕೀಲಮ್ಮನವರಿಗೆ,

ಫೋನು ಬಿಟ್ಟು ಕಾಗದ ಯಾಕೆ ಅಂತ ನೀನು ಪಾಟೀಸವಾಲು ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ಉಸಿರು ಎಣಿಸುತ್ತೀಯ. ಮೊನ್ನೆ ನಾನು "ಚೆನ್ನಾಗಿದೀನಿ" ಅಂದರೆ ನೀನು "ಆ ಒಂದು ಮಾತಿಗೆ ಎರಡು ಸಲ ಉಸಿರು ಎಳ್ಕೊಂಡ್ರಲ್ಲ" ಅಂದೆ. ಕಾಗದಕ್ಕೆ ಆ ತಾಪತ್ರಯವಿಲ್ಲ. ಒಂದು ಸಾಲು ಬರೆದು, ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಕಿಟಕಿ ನೋಡಿ ಇನ್ನೊಂದು ಸಾಲು ಬರೆದರೂ ಓದುವವರಿಗೆ ತಿಳಿಯುವುದಿಲ್ಲ.

ವಾರ್ಡು ಚೆನ್ನಾಗಿದೆ. ಪಕ್ಕದ ಮಂಚದಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರಿದ್ದಾರೆ, ಎಲ್ಲರ ಬಾಯಲ್ಲೂ ಬಸ್ಸಣ್ಣ. ಮಧ್ಯಾಹ್ನದ ನಿದ್ದೆಯಲ್ಲೂ ಎಡಗೈಯಿಂದ ಗೇರು ಬದಲಾಯಿಸುತ್ತಾರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿನ್ನ ಹಾಗೆಯೇ ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಾರೆ. ಶ್ವಾಸಕೋಶ ಅಂದರೆ ಎರಡು ದೊಡ್ಡ ಚೀಲ ಅಂದುಕೊಂಡಿದ್ದೆ. ಅಲ್ಲವಂತೆ, ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಕೋಟಿಗಟ್ಟಲೆ. ಒಳಗೆಲ್ಲ ಒದ್ದೆ. ಒದ್ದೆ ಪ್ಲಾಸ್ಟಿಕ್ ಕವರಿನ ಬಾಯಿ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ, ನಿನಗೆ ಗೊತ್ತು. ಹಾಗೇ ಈ ಗುಳ್ಳೆಗಳೂ ಉಸಿರು ಬಿಟ್ಟಾಗಲೆಲ್ಲ ಅಂಟಿಕೊಂಡುಬಿಡಬೇಕಿತ್ತು. ಅಂಟದಿರಲಿ ಅಂತ ಮೈ ತಾನೇ ಒಳಗೆ ಒಂದು ತೆಳು ಪದರ ಸವರಿಕೊಳ್ಳುತ್ತದೆ. ಸಾಬೂನಿನ ಗುಣದ್ದು. ಹೆಸರು ಸರ್ಫ್ಯಾಕ್ಟಂಟ್. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಅದು ಸಾಕಷ್ಟು ಇರುವುದಿಲ್ಲ, ಅದಕ್ಕೇ ಉಸಿರಿಗೆ ಒದ್ದಾಡುತ್ತವಂತೆ.

ನನ್ನ ಕಥೆ ಉಲ್ಟಾ. ನನಗೆ ಅದು ಹೆಚ್ಚಾಗಿದೆ. ಹಳೆಯ ಪದರವನ್ನು ಗುಡಿಸಿ ಹಾಕುವವರು ಒಳಗೇ ಇರುತ್ತಾರಂತೆ, ನನ್ನವರು ಪೊರಕೆ ಕೆಳಗಿಟ್ಟು ಕೂತಿದ್ದಾರೆ. ಪದರದ ಮೇಲೆ ಪದರ ಕೂತು ಗುಳ್ಳೆ ತುಂಬಿದೆ, ಗಾಳಿಗೆ ಜಾಗವಿಲ್ಲ. ಯಾಕೆ ಕೂತರು ಅಂತ ನೀನು ಕೇಳುತ್ತೀಯ. ಕೆಲವರಿಗೆ ಹಾಗಾಗುತ್ತದಂತೆ, ಹಣೆಬರಹ. ಉಪ್ಪುನೀರು ಹಾಕಿ ತೊಳೆಯುತ್ತಾರೆ. ತೊಳೆದರೆ ಸರಿ.

ಒಂದೇ ಮಾತು. ಕಲ್ಲಿನ ಅಂಗಡಿಯ ಬೀಗ ಹಾಗೇ ಇರಲಿ. ಯಾರು ಬಂದು ಬೇಡಿಕೊಂಡರೂ ತೆಗೆಯಬೇಡ. ನಿನ್ನ ತಮ್ಮನಿಗಂತೂ ಬೇಡವೇ ಬೇಡ.

ಇಂತಿ, ಸಾಬೂನು ಜಾಸ್ತಿಯಾದ ನಿನ್ನವನು


ಜೂನ್ ೧೧

ರೀ,

ನಿಮ್ಮ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಹತ್ತು ಮಾತಿಗೆ ಒಂದು ಅವರ ಕಿವಿಗೆ ಬಿತ್ತು. "ಸಾಬೂನು ನುಂಗಿದ್ನಾ? ಚಿಕ್ಕಂದಿನಿಂದ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳೋನು ಅವನು" ಅಂದರು. ನಾನು ತಿದ್ದಲು ಹೋಗಲಿಲ್ಲ. ಬೆಳಗಿನಿಂದ ಪಕ್ಕದ ಮನೆಗಳಿಗೆಲ್ಲ ಇದೇ ಸುದ್ದಿ.

ಬೀಗದ ವಿಷಯ ಗೊತ್ತಾಯಿತು. ಕಲ್ಲು ಕೊಯ್ಯುವ ಆ ಮಷೀನನ್ನು ಯಾರೂ ಮುಟ್ಟಬಾರದು ಅನ್ನುವ ನಿಮ್ಮ ಹಟ ನನಗೇನು ಹೊಸದೇ? ಮದುವೆಯಾದ ಹೊಸದರಲ್ಲಿ ಅದರ ಮೇಲೆ ಟವೆಲ್ ಒಣಹಾಕಿದೆ ಅಂತ ಎರಡು ದಿನ ಮಾತು ಬಿಟ್ಟಿದ್ದಿರಿ. ಮೂಲೆಮನೆ ಟೀಚರಮ್ಮ ಬಂದಿದ್ದರು. ಅವರ ಅಡುಗೆಕಟ್ಟೆಯ ಬಿಳಿ ಕಲ್ಲು ನಮ್ಮ ಅಂಗಡಿಯಲ್ಲೇ ಇದೆ, ಸಿಂಕಿಗೆ ತೂತೇ ಆಗಿಲ್ಲ. "ಪಾತ್ರೆಗಳನ್ನ ಬಚ್ಚಲಲ್ಲಿ ತೊಳೀತಿದೀನಿ ಕಣಮ್ಮ, ಸೊಂಟ ಬಿದ್ದೋಯ್ತು" ಅಂದರು. ಕಾಯಿರಿ ಅಂದೆ.

ಅತ್ತೆಯನ್ನು ಬಿಟ್ಟು ಬರಲು ಆಗುತ್ತಿಲ್ಲ. ಬಿಟ್ಟರೆ ಸ್ಟವ್ ಹಚ್ಚಿ ಮರೆತುಬಿಡುತ್ತಾರೆ. ಇಲ್ಲದಿದ್ದರೆ ಒಂದು ಹಗಲು ಒಂದು ರಾತ್ರಿಯ ಬಸ್ಸು ನನಗೆ ಯಾವ ಲೆಕ್ಕ.

ನೀವಿದ್ದಾಗ ಸಂಜೆ ಹೊಸ್ತಿಲ ಹತ್ತಿರ ಬಟ್ಟೆ ಕೊಡವುತ್ತಿದ್ದಿರಿ, ನಾನು ಬೈಯುತ್ತಿದ್ದೆ. ನೆಲದ ಮೇಲೆ ಬಿಳಿ ಹೆಜ್ಜೆ, ಮಂಚದ ಮೇಲೆ ಬಿಳಿ ಪುಡಿ, ನೀರಿನ ಲೋಟದ ತಳದಲ್ಲೂ. ಈಗ ಒಂದು ಸಲ ಗುಡಿಸಿದರೆ ದಿನವಿಡೀ ಹಾಗೇ ಇರುತ್ತದೆ. ಇಷ್ಟು ಚೊಕ್ಕಟವಾದ ಮನೆಯಲ್ಲಿ ನನಗೆ ಕೂರಲು ಆಗುತ್ತಿಲ್ಲ. ಬೇಗ ಬನ್ನಿ.

ನಿಮ್ಮವಳು


ಜೂನ್ ೨೨

ವಕೀಲಮ್ಮ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ದಿಂಬಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಡಗಡೆಯದ್ದು ತೊಳೆದಾಯಿತು. ನನಗೆ ಪೂರ್ತಿ ಮಂಪರು, ಏನೂ ಗೊತ್ತಿಲ್ಲ. ನಡೆದದ್ದನ್ನೆಲ್ಲ ಆಮೇಲೆ ನರ್ಸಮ್ಮ ಹೇಳಿದರು. ಬಲಗಡೆಯ ಶ್ವಾಸಕೋಶಕ್ಕೆ ಮಷೀನಿನಿಂದ ಗಾಳಿ ಕೊಟ್ಟು, ಎಡಗಡೆಯದಕ್ಕೆ ಬೆಚ್ಚಗಿನ ಉಪ್ಪುನೀರು ತುಂಬುತ್ತಾರೆ. ಆಮೇಲೆ ಒಬ್ಬರು ಎದೆಯನ್ನು ಅಂಗೈ ಬಗ್ಗಿಸಿ ತಟ್ಟುತ್ತಾರೆ, ಕೂಸಿಗೆ ತೇಗು ಬರಿಸುವ ಹಾಗೆ. ನೀರು ಹೊರಗೆ ಬರುತ್ತದೆ. ಮತ್ತೆ ತುಂಬುತ್ತಾರೆ. ಬಂದ ನೀರನ್ನು ಬಾಟಲಿಗಳಲ್ಲಿ ಸಾಲಾಗಿ ಇಟ್ಟಿದ್ದರು, ನನಗೆ ತೋರಿಸಲೆಂದೇ ಒಂದೆರಡನ್ನು ಉಳಿಸಿದ್ದರು. ಮೊದಲನೆಯದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ತಳದಲ್ಲಿ ಗಸಿ. ಕೊನೆಯದು ಕುಡಿಯುವ ನೀರಿನಷ್ಟು ತಿಳಿ. ಬಸ್ಸಣ್ಣ ನೋಡಿ, "ಇಂಜಿನ್ ಆಯಿಲ್ ಬದಲಾಯಿಸಿದಾರೆ, ಇನ್ನು ಎತ್ತರದ ರಸ್ತೇಲೂ ಎಳೀತೀಯ ಬಿಡು" ಅಂದರು.

ಆಮೇಲೆ ಸ್ವಲ್ಪ ಜ್ವರ. ಏನಿಲ್ಲ, ಎಲ್ಲರಿಗೂ ಬರುತ್ತದಂತೆ. ಬಲಗಡೆಯದ್ದು ಮುಂದಿನ ತಿಂಗಳು.

ಎಚ್ಚರವಾದಾಗ ಮೊದಲು ಕಂಡದ್ದು ಚಾವಣಿ. ಅಲ್ಲಿ ಒಂದು ಬಿರುಕು ಇದೆ, ನಮ್ಮ ಮಲಗುವ ಕೋಣೆಯ ಬಿರುಕಿನ ಹಾಗೆಯೇ ಎಡಕ್ಕೆ ತಿರುಗುತ್ತದೆ. ಅರೆ ಮಂಪರಿನಲ್ಲಿ ಪಕ್ಕಕ್ಕೆ ಕೈ ಚಾಚಿದೆ. ಕಬ್ಬಿಣದ ಸರಳು ಸಿಕ್ಕಿತು. ನೀನು ಇಲ್ಲದ್ದು ಅಷ್ಟು ತಣ್ಣಗೆ ಎಂದೂ ಗೊತ್ತಾಗಿರಲಿಲ್ಲ.

ಬೀಗ ಹಾಗೇ ಇದೆ ತಾನೆ?

ನಿನ್ನವನು, ಅರ್ಧ ತೊಳೆದವನು


ಜೂನ್ ೩೦

ರೀ,

ಅವಸರದಲ್ಲಿ ಬರೆಯುತ್ತಿದ್ದೇನೆ, ಕೆಲಸ ಬಹಳ. ಜ್ವರ ಎಷ್ಟು ದಿನ ಇತ್ತು ಅಂತ ನೀವು ಬರೆಯಲಿಲ್ಲ. ಬರೆಯದಿದ್ದರೆ ನನಗೆ ತಿಳಿಯುವುದಿಲ್ಲ ಅಂತ ಯಾರು ಹೇಳಿದರು?

ಅತ್ತೆ ಊಟದ ವಿಷಯದಲ್ಲಿ ಹಟ ಹಿಡಿದಿದ್ದಾರೆ. ಮಗ ಬರುವವರೆಗೂ ಒಂದೇ ಹೊತ್ತು ಅಂತೆ. ಅವರ ಜೊತೆ ಮಾತಾಡುವುದು ಅಂದರೆ ಸಿಂಕಿಗೆ ತೂತು ಕೊಯ್ದಷ್ಟೇ ನಾಜೂಕು. ನೇರ ಹೋಗಿ ಮೂಲೆಯಲ್ಲಿ ಬ್ಲೇಡು ತಿರುಗಿಸಿದರೆ ಸೀಳು ಬಿಡುತ್ತದೆ, ಇಡೀ ಕಲ್ಲು ಹಾಳು. ಮೊದಲು ನಾಲ್ಕೂ ಮೂಲೆಗೆ ಸಣ್ಣ ತೂತು ಕೊರೆದುಕೊಂಡು, ಆಮೇಲೆ ಗೆರೆ ಕೂಡಿಸಬೇಕು. ಹಾಗೇ ಸುತ್ತಿಬಳಸಿ ಹೋಗಿ, ಕೊನೆಗೆ ಎರಡನೇ ಹೊತ್ತಿಗೂ ಒಪ್ಪಿಸಿದ್ದೇನೆ.

ನಿಮ್ಮ ಬಿರುಕಿನ ಮಾತು ಓದಿ ನಾನೂ ನಮ್ಮ ಚಾವಣಿ ನೋಡಿದೆ. ಬಲಕ್ಕೆ ತಿರುಗಿದೆ ರೀ. ಎಡಕ್ಕಲ್ಲ. ಈಗ ನೀವು ಮಲಗುವ ಜಾಗದಲ್ಲೇ ನಾನು ಮಲಗುವುದು, ಅಲ್ಲಿಂದ ನೋಡಿದರೂ ಬಲಕ್ಕೇ.

ನಿಮ್ಮವಳು


ಜುಲೈ ೭

ನಿನ್ನ ಕಾಗದ ಬಂತು. ನಾಲ್ಕು ಸಲ ಓದಿದೆ.

ಮೂಲೆಗೆ ಮೊದಲು ತೂತು ಕೊರೆಯಬೇಕು ಅನ್ನುವುದು ನಿನಗೆ ಹೇಗೆ ಗೊತ್ತು? ನಾನು ನಿನಗೆ ಎಂದೂ ಹೇಳಿಲ್ಲ. ಅದು ಕಲ್ಲು ಕೊಯ್ಯುವವನ ಬಾಯಲ್ಲಿ ಮಾತ್ರ ಬರುವ ಮಾತು. ಯಾರ ಬಾಯಿಂದ ಕೇಳಿಸಿಕೊಂಡೆ ಅಂತ ನಾನೇ ಹೇಳಲೇ? ನಿನ್ನ ತಮ್ಮ ನನ್ನ ಅಂಗಡಿಗೆ ಬಂದು ಕೂತಿದ್ದಾನೆ. ಭಾವ ಮಂಚ ಹಿಡಿದಿದ್ದೇ ತಡ, ಬೀಗದ ಕೈ ಅವನ ಕೈಗೆ ಹೋಯಿತು.

ಎರಡು ವರ್ಷದ ಹಿಂದೆ ಏನಾಯಿತು ನೆನಪಿದೆಯೇ? ಮಷೀನಿಗೆ ನೀರಿನ ಪೈಪು ಹಾಕೋಣ, ನೀರು ಬಿಟ್ಟುಕೊಂಡು ಕೊಯ್ಯೋಣ ಅಂತ ಹಟ ಹಿಡಿದ. ನೀರು ಬಿಟ್ಟರೆ ಪೆನ್ಸಿಲ್ ಗೆರೆ ಕಾಣುವುದಿಲ್ಲ, ಕೆಲಸ ಗೊತ್ತಿಲ್ಲದವರು ಮಾತ್ರ ನೀರು ಬಿಡುತ್ತಾರೆ ಅಂದೆ. ನೀರುಕೋಳಿ ಅಂತ ಎಲ್ಲರ ಎದುರು ಕರೆದೆ, ನಿಜ. ಅದಕ್ಕೆ ಅಷ್ಟು ಕೋಪ ಬೇಕಿತ್ತೇ? ಅಕ್ಕನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂತ ಹೋದವನು, ಈಗ ಹೇಗೆ ತುಳಿದ?

ನಾನು ಕೇಳಿದ್ದು ಒಂದೇ, ಬೀಗ. ಅದನ್ನೂ ನಡೆಸಿಕೊಡಲಿಲ್ಲ ನೀನು.


ಜುಲೈ ೧೪

ರೀ,

ಕೋಪ ಇಳಿದಿದ್ದರೆ ಕೂತು ಓದಿ. ಇಳಿಯದಿದ್ದರೆ ಬಸ್ಸಣ್ಣನ ಕೈಯಲ್ಲಿ ಓದಿಸಿಕೊಳ್ಳಿ.

ತಮ್ಮ ಬಂದಿಲ್ಲ. ಹೊಸ್ತಿಲು ತುಳಿದಿಲ್ಲ. ಅವನೂ ನಿಮ್ಮ ಹಾಗೆಯೇ, ಹಿಡಿದ ಹಟ ಬಿಡುವವನಲ್ಲ, ನನ್ನ ಹಣೆಗೆ ಇಬ್ಬರೂ ಸೇರಿದ್ದೀರಿ. ಕಲ್ಲು ಕೊಯ್ದವಳು ನಾನು.

ಹೌದು, ನಾನೇ. ಇಷ್ಟು ವರ್ಷ ನಿಮಗೆ ಊಟ ತಂದು, ಬಾಗಿಲಲ್ಲಿ ನಿಂತು, ಈಗ ಮುಗಿಸ್ತೀನಿ ಈಗ ಮುಗಿಸ್ತೀನಿ ಅನ್ನುವುದನ್ನು ಕೇಳುತ್ತಾ ಕಾದವಳಿಗೆ ಕಣ್ಣಿರಲಿಲ್ಲವೇ? ಯಾರೂ ಹೇಳಿಕೊಡಲಿಲ್ಲ, ನೋಡಿ ಕಲಿತೆ. ನಿಮ್ಮ ಮೊದಲ ಕಾಗದ ಬಂದ ವಾರವೇ ಬೀಗ ತೆಗೆದೆ. ಟೀಚರಮ್ಮನ ಸೊಂಟ ಒಂದು ನೆಪ. ಅಂಗಡಿಯ ಬಾಗಿಲು ತೆಗೆದ ಕೂಡಲೇ ಆ ಕಲ್ಲಿನ ವಾಸನೆ ಬಂತು, ಸುಟ್ಟ ಹಾಗೆ, ನೀವು ಸಂಜೆ ಮನೆಗೆ ಬಂದಾಗ ಬರುತ್ತಿದ್ದದ್ದು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಎದ್ದು ಸ್ವಿಚ್ ಹಾಕಿದೆ.

ಮೊದಲ ತುಂಡು ಹಾಳಾಯಿತು, ಹೇಳಿಬಿಡುತ್ತೇನೆ. ಹಳೆಯ ತುಂಡು, ಬೈಯಬೇಡಿ. ಟೀಚರಮ್ಮನದ್ದು ಒಂದು ಕೂದಲೆಳೆಯೂ ಸೀಳದೆ ಬಂತು. ಆಮೇಲೆ ಇನ್ನೂ ಮೂರು ಮನೆಯ ಕಟ್ಟೆ. ಎಲ್ಲ ನಿಮ್ಮ ಹಾಗೇ, ನೀರು ಬಿಡದೆ. ಗೆರೆ ಅಷ್ಟು ಚೆನ್ನಾಗಿ ಕಾಣುತ್ತದೆ. ನಿಮ್ಮ ಹಾಗೇ ಕೆಲಸ ಮುಗಿದ ಮೇಲೆ ಒಂದು ಬಾಳೆಹಣ್ಣು ತಿನ್ನುತ್ತೇನೆ, ಗಂಟಲಿನ ಧೂಳೆಲ್ಲ ಹೊಟ್ಟೆಗೆ ಇಳಿದುಹೋಗಲಿ ಅಂತ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ, ಮಷೀನಿನ ಸದ್ದು ಅವರನ್ನು ಏನೂ ಮಾಡುವುದಿಲ್ಲ. ಮೊನ್ನೆ ಧೂಳು ಕೂತು ಬೆಳ್ಳಗಾದ ನನ್ನ ತಲೆ ನೋಡಿ, "ನನಗಿಂತ ಮುದುಕಿ ಆಗಿದೀಯಲ್ಲೇ" ಅಂತ ನಕ್ಕರು.

ಈಗ ಸಂಜೆ ಹೊಸ್ತಿಲಲ್ಲಿ ಬಟ್ಟೆ ಕೊಡವುವವಳು ನಾನು. ನೆಲದ ಮೇಲೆ ಮತ್ತೆ ಬಿಳಿ ಹೆಜ್ಜೆ ಇದೆ. ಅಳತೆ ಚಿಕ್ಕದು, ಅಷ್ಟೇ. ಮೂಗಿಗೆ ನಿಮ್ಮ ಹಳೆಯ ಟವೆಲ್ ಕಟ್ಟಿಕೊಳ್ಳುತ್ತೇನೆ. ನೀವು ಹೋದ ಮೇಲೆ ಅದನ್ನು ಒಗೆದಿಲ್ಲ, ಯಾಕೆ ಅಂತ ಕೇಳಬೇಡಿ.

ನಾಲ್ಕು ದಿನದಿಂದ ಸ್ವಲ್ಪ ಒಣಕೆಮ್ಮು. ಗಾಳಿ ಬದಲಾಗಿರುವುದಕ್ಕೆ ಇರಬೇಕು.

ನಿಮ್ಮ ಅಂಗಡಿಯ ಹೊಸ ಮೇಸ್ತ್ರಿ


ಜುಲೈ ೧೮

ಲೇ,

ನಿನ್ನ ಕಾಗದ ಓದಿದ ಕೂಡಲೇ ಫೋನ್ ಮಾಡಿದೆ. ಎತ್ತಿದವಳು ಅಮ್ಮ. "ಮಷೀನ್ ನಿಲ್ಸೋಕೆ ಹೇಳು" ಅಂತ ನನ್ನಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ. "ನಂದೂ ಊಟ ಆಯ್ತಪ್ಪಾ" ಅಂದಳು. ಅವಳ ಹಿಂದೆ ಬ್ಲೇಡು ಕಲ್ಲನ್ನು ಕಚ್ಚುವ ಸದ್ದು ಕೇಳುತ್ತಿತ್ತು. ಆ ಸದ್ದು ನನ್ನ ಅನ್ನ. ಜೀವಮಾನದಲ್ಲಿ ಮೊದಲ ಸಲ ಅದಕ್ಕೆ ಹೆದರಿದೆ.

ಆಮೇಲೆ ನಿನ್ನ ತಮ್ಮನಿಗೆ ಮಾಡಿದೆ. ಹೌದು, ನಾನೇ. "ಓಡು, ಅಂಗಡಿ ಮೇನ್ ಸ್ವಿಚ್ ತೆಗಿ" ಅಂದೆ. ಅಷ್ಟಕ್ಕೇ ಕೆಮ್ಮು ಬಂದು ಫೋನು ಕೈಜಾರಿತು. ಎತ್ತಿ ಕಿವಿಗಿಡುವಷ್ಟರಲ್ಲಿ ಅವನು ಯಾಕೆ ಏನು ಅಂತ ಕೇಳದೆ ಫೋನಿಟ್ಟು ಓಡಿದ್ದ.

ಈಗ ನಿಜ ಕೇಳು. ಇಲ್ಲಿಗೆ ಬಂದ ಮೊದಲ ದಿನವೇ ಡಾಕ್ಟರಮ್ಮ "ಏನ್ ಕೆಲ್ಸ ನಿಮ್ದು?" ಅಂದರು. ಹೇಳಿದೆ. "ನೀರು ಬಿಟ್ಕೊಂಡು ಕೊಯ್ತೀರಾ, ಒಣಗಿದ್ದನ್ನೇನಾ?" ಅಂದರು. ಒಣಗಿದ್ದನ್ನೇ ಅಂತ ಜಂಬದಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಹಣೆಬರಹ ಅಲ್ಲ ಕಣೇ. ಧೂಳು. ಕಾರ್ಖಾನೆಯಲ್ಲಿ ಕಲ್ಲಿನ ಪುಡಿ ಒತ್ತಿ ಮಾಡುವ ಆ ಬಿಳಿ ಕಲ್ಲಿನ ಧೂಳು ಎಲ್ಲಕ್ಕಿಂತ ಕೆಟ್ಟದ್ದಂತೆ. ಕಣ್ಣಿಗೆ ಕಾಣುವುದು ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಟವೆಲ್ಲನ್ನೂ ದಾಟಿ ಆ ಗುಳ್ಳೆಗಳವರೆಗೆ ಹೋಗುತ್ತದೆ. ಹಳೆಯ ಪದರ ಗುಡಿಸುವವರು ಅದನ್ನೂ ಕಸ ಅಂತ ನುಂಗುತ್ತಾರೆ, ನುಂಗಿ ಸಾಯುತ್ತಾರೆ. ಆಮೇಲೆ ಪದರ ತೆಗೆಯಲು ಯಾರೂ ಉಳಿಯುವುದಿಲ್ಲ. ಯಾವುದು ನನ್ನ ಉಸಿರಿಗೆ ದಾರಿ ಮಾಡಿಕೊಡಬೇಕಿತ್ತೋ ಅದರಲ್ಲೇ ನಾನು ಮುಳುಗುತ್ತಿದ್ದೇನೆ. ಬಾಳೆಹಣ್ಣು ಹೋಗುವ ದಾರಿಯೇ ಬೇರೆ, ಧೂಳು ಹೋಗುವ ದಾರಿಯೇ ಬೇರೆ. ನನ್ನ ಬಾಳೆಹಣ್ಣಿನ ಮಾತು ಕೇಳಿ ಡಾಕ್ಟರಮ್ಮ ನಗಲೂ ಇಲ್ಲ.

ಯಾಕೆ ಮುಚ್ಚಿಟ್ಟೆ? ಹೇಳಿದರೆ ನೀನು ಮರುದಿನವೇ ಆ ಮಷೀನನ್ನು ಗುಜರಿಗೆ ಹಾಕುತ್ತಿದ್ದೆ, ಗುಣವಾಗಿ ಬಂದ ಮೇಲೆ ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ನೀರು ಬಿಟ್ಟರೆ ಧೂಳು ಏಳುವುದಿಲ್ಲ, ನಿನ್ನ ತಮ್ಮ ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಬೀಗ ಹಾಕಿದರೆ ಸಾಕು ಅಂದುಕೊಂಡೆ. ಬೀಗ ಯಾಕೆ ಅಂತ ಒಂದು ಸಾಲು ಬರೆದಿದ್ದರೆ ನೀನು ತೆಗೆಯುತ್ತಿರಲಿಲ್ಲ. ಆ ಒಂದು ಸಾಲಿಗೆ ನನ್ನ ಹತ್ತಿರ ಉಸಿರು ಇತ್ತು, ಬರೆಯಲಿಲ್ಲ ಅಷ್ಟೇ.

ಅಂಗಡಿಯ ಹತ್ತಿರ ಸುಳಿಯಬೇಡ. ಎದೆಯ ಎಕ್ಸ್‌ರೇ ತೆಗೆಸು. ಇವತ್ತೇ. ಆ ಕೆಮ್ಮು ಯಾವಾಗ ಬರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಎಲ್ಲ ಬರೆ. ನನ್ನ ಎದೆ ಏನಾದರೂ ಆಗಲಿ, ನಿನಗೆ ಏನಾದರೂ ಆದರೆ ನಾನು ಯಾರ ಮುಖ ನೋಡಲಿ?


ಜುಲೈ ೨೬

ರೀ,

ಆ ದಿನ ಕಲ್ಲು ಅರ್ಧ ಕೊಯ್ದಿದ್ದೆ. ಮಷೀನು ನಿಂತಿತು. ಕರೆಂಟು ಹೋಯಿತು ಅಂತ ಹೊರಗೆ ಬಂದರೆ ಮೇನ್ ಸ್ವಿಚ್ಚಿನ ಹತ್ತಿರ ತಮ್ಮ ನಿಂತಿದ್ದ. ಕಾಲಿಗೆ ಚಪ್ಪಲಿ ಇರಲಿಲ್ಲ, ಶರ್ಟಿನ ಗುಂಡಿ ಹೆಚ್ಚುಕಮ್ಮಿ. "ಯಾಕೋ?" ಅಂದೆ. "ಗೊತ್ತಿಲ್ಲ ಅಕ್ಕ, ಭಾವ ಹೇಳಿದ್ರು" ಅಂದ. ನಿಮ್ಮ ಕಾಗದ ಬಂದ ಮೇಲೆ ಇಬ್ಬರೂ ಓದಿದೆವು. ಅವನು ಗೆದ್ದವನ ಹಾಗೆ ನಗಬಹುದಿತ್ತು. ತಲೆ ತಗ್ಗಿಸಿಕೊಂಡು ಅತ್ತೆಯ ಕಾಲ ಹತ್ತಿರ ಹೋಗಿ ಕೂತ.

ನಿಮ್ಮ ಜೊತೆ ಜಗಳ ಆಡಬೇಕು ರೀ. ಕಾಗದದ ಜೊತೆ ಆಡಲು ಬರುವುದಿಲ್ಲ, ಅದು ತಿರುಗಿ ಮಾತಾಡುವುದಿಲ್ಲ. ನೀವು ಎದುರಿಗೆ ಇರಬೇಕು, ನಾನು ಕೂಗಬೇಕು, ನೀವು "ಆಯ್ತು ಮಾರಾಯ್ತಿ, ತಪ್ಪಾಯ್ತು" ಅನ್ನಬೇಕು, ಆಮೇಲೂ ನಾನು ಬಿಡಬಾರದು. ನಾನೂ ಮುಚ್ಚಿಟ್ಟವಳೇ, ಗೊತ್ತಿದೆ. ನಿಮಗೆ ಚಿಂತೆ ಬೇಡ ಅಂತ ನಾನು, ನನಗೆ ಚಿಂತೆ ಬೇಡ ಅಂತ ನೀವು. ಇಷ್ಟು ಪ್ರೀತಿಯಿಂದ ಯಾರಾದರೂ ಒಬ್ಬರನ್ನೊಬ್ಬರು ಕೊಲ್ಲುತ್ತಾರೆಯೇ?

ಮನೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗುಡಿಸಬಾರದಂತೆ, ತಮ್ಮ ಕೇಳಿಕೊಂಡು ಬಂದ. ನಿಮ್ಮ ಶರ್ಟು, ಟವೆಲ್ಲು, ಕೆಲಸದ ಬಟ್ಟೆ ಎಲ್ಲ ನೆನೆಹಾಕಿ ಒಗೆದೆ. ಒಣಗಿದ ಮೇಲೆ ಮೂಗಿಗೆ ಹಿಡಿದೆ. ಬರೀ ಸಾಬೂನು. ನೀವು ಇಲ್ಲಿದ್ದ ಗುರುತು ಇನ್ನು ನನ್ನ ಹತ್ತಿರ ಏನೂ ಇಲ್ಲ.

ಕೆಮ್ಮು ಬೆಳಗ್ಗೆ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ. ಅಥವಾ ಇದೆಯೋ, ಗಮನಿಸಲು ಹೋದರೆ ಇದ್ದ ಹಾಗೇ ಅನಿಸುತ್ತದೆ. ಎಕ್ಸ್‌ರೇ ತೆಗೆಸಿದೆ. ಇಲ್ಲಿಯ ಡಾಕ್ಟರು ದೀಪಕ್ಕೆ ಹಿಡಿದು ಹುಬ್ಬು ಗಂಟು ಹಾಕಿ, "ನಿಮ್ಮ ಯಜಮಾನರ ಡಾಕ್ಟರಿಗೇ ತೋರ್ಸಿಬಿಡಿ" ಅಂದರು. ಅವರ ಮುಖದಲ್ಲಿ ಏನಿತ್ತು ಅಂತ ನನಗೆ ಓದಲು ಆಗಲಿಲ್ಲ. ಫಿಲ್ಮನ್ನು ನಾನು ನೋಡಿಲ್ಲ, ಧೈರ್ಯ ಬರಲಿಲ್ಲ. ಈ ಕಾಗದದ ಜೊತೆಗೇ ಇದೆ. ನೀವೇ ನೋಡಿ, ನೀವೇ ಹೇಳಿ. ಈ ಸಲ ಮಾತ್ರ ಇದ್ದದ್ದನ್ನು ಇದ್ದ ಹಾಗೆ.

ಅತ್ತೆಯ ಹತ್ತಿರ ತಮ್ಮ ಇರುತ್ತೇನೆ ಅಂದಿದ್ದಾನೆ. ಏನೇ ಬಂದರೂ, ತಿಳಿದ ದಿನ ನಾನು ಬಸ್ಸು ಹತ್ತುತ್ತೇನೆ. ನನಗೆ ಭಯವಾಗುತ್ತಿದೆ ರೀ. ನಿಮ್ಮ ಪಕ್ಕದಲ್ಲಿ ಕೂತರೆ ಕಡಿಮೆಯಾದೀತು.

ನಿಮ್ಮವಳು


ಆಗಸ್ಟ್ ೨

ವಕೀಲಮ್ಮ,

ಸುದ್ದಿಯನ್ನು ಫೋನಿನಲ್ಲಿ ನಿನ್ನ ತಮ್ಮನಿಗೆ ಹೇಳಿದ್ದೇನೆ, ಅದು ಕಾಗದಕ್ಕೆ ಕಾಯುವ ಸುದ್ದಿಯಲ್ಲ. "ಅಕ್ಕ ಅಳ್ತಿದಾಳೆ ಭಾವ, ಆಮೇಲೆ ಮಾತಾಡ್ತಾಳಂತೆ" ಅಂದ. ನೀನು ಬಸ್ಸು ಹತ್ತಿಬಿಟ್ಟಿದ್ದರೆ ಇದು ನಿನ್ನ ಕೈಗೆ ಸಿಗುವುದೇ ಇಲ್ಲ. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ಇದ್ದದ್ದು ಇದ್ದ ಹಾಗೆ: ಡಾಕ್ಟರಮ್ಮ ನಿನ್ನ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಪಕ್ಕದಲ್ಲಿ ನನ್ನದು. ಗಾಳಿ ಇರುವ ಕಡೆ ಕಪ್ಪಾಗಿ ಕಾಣುತ್ತದಂತೆ. ನನ್ನದರಲ್ಲಿ ಬರೀ ಬಿಳಿ ಮೋಡ. ನಿನ್ನದು ಕಪ್ಪು ಕಣೇ. ಎರಡೂ ಕಡೆ, ಮೇಲಿನಿಂದ ತಳದವರೆಗೆ. ಅಷ್ಟು ಚಂದದ ಕಪ್ಪನ್ನು ನಾನು ಯಾವ ಕಲ್ಲಿನಲ್ಲೂ ನೋಡಿಲ್ಲ. ಈಗ ಏನೂ ಇಲ್ಲ ಅಂದರು. ಧೂಳು ಹೊಕ್ಕಿದ್ದರೆ ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು, ವರ್ಷವರ್ಷವೂ ತೋರಿಸಬೇಕು ಅಂದರು. ಒಣಗಿದ ಕಲ್ಲಿನ ಹತ್ತಿರ ಇನ್ನೆಂದೂ ಹೋಗಬಾರದು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಬಸ್ಸಣ್ಣ ನನ್ನ ಬೆನ್ನು ತಟ್ಟಿ, "ದಾರಿ ಕ್ಲಿಯರ್ ಇದೆಯಲ್ಲಪ್ಪ, ಇನ್ಯಾಕೆ ಹಾರ್ನು?" ಅಂದರು.

ನನ್ನದನ್ನೂ ಇದ್ದ ಹಾಗೇ ಹೇಳುತ್ತೇನೆ. ಜ್ವರ ಒಂದು ವಾರ ಇತ್ತು, ತುಂಬಾ ಹೆದರಿದ್ದರು. ಅದಕ್ಕೇ ಬಲಗಡೆಯದ್ದು ಮುಂದಕ್ಕೆ ಹೋಯಿತು, ನಾಳೆ ತೊಳೆಯುತ್ತಾರೆ. ತೊಳೆದರೆ ಪದರ ಹೋಗುತ್ತದೆ, ಒಳಗೆ ಕೂತ ಕಲ್ಲು ಹೋಗುವುದಿಲ್ಲ. ಮತ್ತೆ ತುಂಬಬಹುದು, ಮತ್ತೆ ತೊಳೆಯಬೇಕಾಗಬಹುದು. ಎಷ್ಟು ವರ್ಷ ಅಂತ ಕೇಳಿದೆ, ಮೊದಲು ನಾಳೆಯದ್ದು ಮುಗಿಯಲಿ ಅಂದರು ಡಾಕ್ಟರಮ್ಮ. ಮಷೀನು ತಮ್ಮನಿಗೆ ಇರಲಿ, ಪೈಪು ಹಾಕಿಕೊಳ್ಳಲಿ. ಗೆರೆ ಹೇಗೆ ಎಳೆಯಬೇಕು ಅಂತ ನಾನು ದೂರದ ಕುರ್ಚಿಯಲ್ಲಿ ಕೂತು ಬೈಯುತ್ತೇನೆ.

ಇಲ್ಲಿಗೆ ಬರುವಾಗ ನಿನ್ನ ಒಂದು ಫೋಟೋ ಕೂಡ ತಂದಿರಲಿಲ್ಲ. ಈಗ ಫಿಲ್ಮನ್ನು ನಾನೇ ಇಟ್ಟುಕೊಂಡಿದ್ದೇನೆ. ಹಗಲೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಪಕ್ಕೆಲುಬು ಎಷ್ಟು ತೆಳ್ಳಗಿವೆ ನಿನ್ನವು, ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ನಡುವೆ ಹೃದಯ, ಸ್ವಲ್ಪ ಎಡಕ್ಕೆ ವಾಲಿದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿ, ಒಂದು ಸಲವೂ ನೋಡಿರಲಿಲ್ಲ.

ಇದನ್ನು ತೆಗೆಯುವಾಗ ದೊಡ್ಡ ಉಸಿರು ಎಳೆದು ಹಿಡಿದುಕೊಳ್ಳಲು ಹೇಳುತ್ತಾರಂತೆ. ಅಂದರೆ ಈ ಚಿತ್ರದಲ್ಲಿ ನೀನು ಉಸಿರು ಹಿಡಿದು ನಿಂತಿದ್ದೀಯ. ಡಾಕ್ಟರು ಏನು ಹೇಳುತ್ತಾರೋ, ನಾನು ಬದುಕುತ್ತೇನೋ ಅಂತ ಅಷ್ಟೊಂದು ಗಾಳಿಯನ್ನು ಒಳಗೇ ಇಟ್ಟುಕೊಂಡು ನಿಂತಿದ್ದೀಯ.

ಸಾಕು ಕಣೇ. ಉಸಿರು ಬಿಡು.